ಬೆರಳ ದನಿ ಬಯಲಿಗೆ: ಜಾನಪದ ಗಿಟಾರ್ ವಾದಕರ ನೆನಪಿನಲ್ಲಿ ಬಯಲು ಕಛೇರಿ ನಡೆಸುವ ಸಮಗ್ರ ಮಾರ್ಗದರ್ಶಿ

ಅಕೂಸ್ಟಿಕ್ ಗಿಟಾರ್ ಮೂಲತಃ ಕೋಣೆಯ ವಾದ್ಯ. ಗೋಡೆ, ಸೂರು, ನೆಲಗಳಿಗೆ ತಾಗಿ ಮರಳುವ ದನಿಯೇ ಅದರ ನಾದಕ್ಕೆ ಮೈ ತುಂಬುತ್ತದೆ. ಬಯಲಿನಲ್ಲಿ ಹೊರಟ ದನಿ ಹೊರಟೇ ಹೋಗುತ್ತದೆ. ದೂರ ಇಮ್ಮಡಿಯಾದಾಗಲೆಲ್ಲ ಅದರ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಆದರೂ ಜಾನಪದ ಗಿಟಾರ್ ವಾದಕರೊಬ್ಬರನ್ನು ನೆನೆಯಲು ಜನ ಬಯಲನ್ನೇ ಬಯಸುತ್ತಾರೆ, ಅದು ಸರಿಯೂ ಹೌದು. ಜಗಲಿಯಲ್ಲಿ, ಹೊಲದಂಚಿನಲ್ಲಿ, ಬೀದಿಬದಿಯಲ್ಲಿ ಬೆಳೆದ ಹಾಡುಗಳಿಗೆ ಆಕಾಶದ ಕೆಳಗೇ ಹೆಚ್ಚು ಸಲಿಗೆ.

ಇಂಥ ಕಾರ್ಯಕ್ರಮಕ್ಕೆ ಭಾರೀ ವೇದಿಕೆ ಬೇಕೆಂದೇನಿಲ್ಲ. ಅಮೆರಿಕದ ನಾರ್ತ್ ಕೆರೊಲಿನಾದ ಡಾಕ್ ವಾಟ್ಸನ್ ಅವರ ಮಗ ಮರ್ಲ್ ವಾಟ್ಸನ್ ಕೂಡ ಗಿಟಾರ್ ವಾದಕ. 1985ರಲ್ಲಿ ಟ್ರ್ಯಾಕ್ಟರ್ ಅಪಘಾತದಲ್ಲಿ ತೀರಿಕೊಂಡರು. ಅವರ ನೆನಪಿಗೆ 1988ರಲ್ಲಿ ವಿಲ್ಕ್ಸ್‌ಬರೋ ಊರಿನ ಕಾಲೇಜು ಆವರಣದಲ್ಲಿ ತಂದೆ ಮತ್ತು ಗೆಳೆಯರು ಸೇರಿ ನುಡಿಸಿದ್ದೇ ಮರ್ಲ್‌ಫೆಸ್ಟ್ ಎಂಬ ಸಂಗೀತೋತ್ಸವದ ಆರಂಭ. ಆ ಮೊದಲ ವರ್ಷ ವೇದಿಕೆಯಾಗಿದ್ದದ್ದು ತೆರೆದ ಲಾರಿಗಳ ಹಾಸು.

ಈ ಬರಹದುದ್ದಕ್ಕೂ ಒಂದೇ ಅಳತೆಗೋಲು ಇಟ್ಟುಕೊಂಡಿದ್ದೇನೆ. ಕೊನೆಯ ಸಾಲಿನಲ್ಲಿ ಕುಳಿತವರಿಗೂ ಹೆಬ್ಬೆರಳು ನುಡಿಸುವ ಮಂದ್ರ ಮತ್ತು ಉಳಿದ ಬೆರಳುಗಳು ನುಡಿಸುವ ಮಟ್ಟು ಬೇರೆಬೇರೆಯಾಗಿ ಕೇಳಿಸಬೇಕು. ಜಾಗ, ಹೊತ್ತು, ಕಲಾವಿದರ ಸರದಿ, ಮೈಕು, ಮಾತು ಎಲ್ಲವನ್ನೂ ಇದರಿಂದಲೇ ಅಳೆಯಿರಿ. ಬ್ಯಾನರಿನ ಮೇಲಿನ ಭಾವಚಿತ್ರ ಎಷ್ಟು ದೊಡ್ಡದಿದ್ದರೂ ಆ ಬೆರಳುಗಾರಿಕೆ ಕೇಳಿಸದಿದ್ದರೆ ನಮನ ಸಂದಂತಾಗುವುದಿಲ್ಲ.

ಹೆಜ್ಜೆ 1: ಆ ಕೈಯನ್ನು ಅರಿಯಿರಿ

ದಿನಾಂಕ, ಜಾಗ, ಹಣ ಎಂದು ಓಡಾಡುವ ಮೊದಲು ಒಂದು ಹಾಳೆಯಲ್ಲಿ ಬರೆಯಿರಿ: ಈ ವಾದಕರ ಕೈಯಲ್ಲಿ ಬೇರೆಯವರಲ್ಲಿಲ್ಲದ ಏನಿತ್ತು? ‘ಮಹಾನ್ ಕಲಾವಿದರು’ ಎಂಬ ಉತ್ತರ ಸಾಲದು. ಅಮೆರಿಕದ ಜಾನಪದ ಗಿಟಾರ್ ವಾದಕಿ ಎಲಿಜಬೆತ್ ಕಾಟನ್ ಎಡಚರು. ಬಲಗೈಯವರಿಗೆ ತಂತಿ ಕಟ್ಟಿದ ಗಿಟಾರನ್ನು ತಂತಿ ಬದಲಿಸದೆ ತಿರುಗಿಸಿ ಹಿಡಿದದ್ದರಿಂದ ಅವರ ಹೆಬ್ಬೆರಳು ಮಟ್ಟು ನುಡಿಸುತ್ತಿತ್ತು, ಬೆರಳುಗಳು ಮಂದ್ರ ನುಡಿಸುತ್ತಿದ್ದವು. ಡಾಕ್ ವಾಟ್ಸನ್ ನೃತ್ಯಕ್ಕೆ ನುಡಿಸುವ, ಪಿಟೀಲುವಾದಕರಿಲ್ಲದ ವಾದ್ಯತಂಡದಲ್ಲಿ ಪಿಟೀಲಿನ ಮಟ್ಟುಗಳನ್ನು ಅದೇ ವೇಗದಲ್ಲಿ ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಹಿಡಿದು ಗಿಟಾರಿನಲ್ಲಿ ನುಡಿಸಬೇಕಾಯಿತು; ಅವರ ಶೈಲಿ ಹದಗೊಂಡದ್ದು ಅಲ್ಲಿ. ಬ್ರಿಟನ್ನಿನ ಡೇವಿ ಗ್ರಹಾಂ ಆರು ತಂತಿಗಳನ್ನು ಡಿ-ಎ-ಡಿ-ಜಿ-ಎ-ಡಿ ಎಂಬ ಸ್ವರಗಳಿಗೆ ಶ್ರುತಿ ಮಾಡುವ ಕ್ರಮವನ್ನು ಬಳಕೆಗೆ ತಂದರು. ಮಿಸಿಸಿಪಿ ಜಾನ್ ಹರ್ಟ್ ಅವರ ಹೆಬ್ಬೆರಳು ತಾಳ ತಪ್ಪದೆ ಮಂದ್ರದ ತಂತಿಗಳ ನಡುವೆ ಓಡಾಡುತ್ತಿದ್ದರೆ ಬೆರಳುಗಳು ಹಾಡಿನ ಸಾಲನ್ನೇ ನುಡಿಯುತ್ತಿದ್ದವು.

ಹೀಗೆ ಎರಡು ಮೂರು ಸಾಲಿನಲ್ಲಿ ಹೇಳಲು ಬಂದರೆ ಮುಂದಿನ ಅರ್ಧ ನಿರ್ಧಾರಗಳು ತಾವಾಗಿ ಆಗುತ್ತವೆ. ಹರ್ಟ್ ಅವರಂಥವರ ನೆನಪಿಗೆ ಸಂಜೆಯ ಸಣ್ಣ ಕೂಟ ಹೊಂದುತ್ತದೆ. ವಾಟ್ಸನ್ ಅವರಂಥವರ ನೆನಪಿಗೆ ಪಿಟೀಲು, ಬ್ಯಾಂಜೋ, ಡಬಲ್ ಬಾಸ್ ಸೇರಿದ ಲವಲವಿಕೆಯ ಮೇಳ ಒಪ್ಪುತ್ತದೆ.

ಇದೇ ಹಂತದಲ್ಲಿ ಕುಟುಂಬದವರನ್ನು ಕಾಣಿರಿ. ಹೆಸರು ಮತ್ತು ಚಿತ್ರ ಬಳಸಲು ಒಪ್ಪಿಗೆ ಪಡೆಯುವುದು ಒಂದು ಕೆಲಸ. ಅವರು ಕೊನೆಕೊನೆಗೆ ಯಾವ ಹಾಡನ್ನು ಮನೆಯಲ್ಲಿ ನುಡಿಸುತ್ತಿದ್ದರು, ಯಾವುದನ್ನು ವೇದಿಕೆಯಲ್ಲಿ ನುಡಿಸಿ ನುಡಿಸಿ ಬೇಸತ್ತಿದ್ದರು ಎಂದು ಕೇಳಿಕೊಳ್ಳುವುದು ಇನ್ನೂ ಮುಖ್ಯವಾದ ಕೆಲಸ. ಆ ಉತ್ತರ ಯಾವ ಧ್ವನಿಮುದ್ರಿಕೆಯಲ್ಲೂ ಸಿಗುವುದಿಲ್ಲ.

ಹೆಜ್ಜೆ 2: ಜಾಗವನ್ನು ಕಿವಿಯಿಂದ ಆರಿಸಿ

ನೋಡಲು ಚೆನ್ನಾಗಿರುವ ಜಾಗಕ್ಕಿಂತ ಕೇಳಲು ಚೆನ್ನಾಗಿರುವ ಜಾಗ ಬೇಕು. ಕಾರ್ಯಕ್ರಮ ನಡೆಯಲಿರುವ ವಾರದ ಅದೇ ದಿನ, ಅದೇ ಹೊತ್ತಿಗೆ ಅಲ್ಲಿಗೆ ಹೋಗಿ ಒಂದು ಗಂಟೆ ಸುಮ್ಮನೆ ಕುಳಿತುಕೊಳ್ಳಿ. ಹೆದ್ದಾರಿಯ ಮೊರೆತ, ವಿಮಾನ, ಪಕ್ಕದ ಆಟದ ಮೈದಾನದ ಕೂಗು, ಪ್ರಾರ್ಥನಾ ಮಂದಿರದ ಗಂಟೆ ಯಾವುದೂ ನಕ್ಷೆಯಲ್ಲಿ ಕಾಣುವುದಿಲ್ಲ. ಗಿಟಾರ್ ಒಯ್ದು ಒಬ್ಬರು ನುಡಿಸಲಿ, ನೀವು ಹಿಂದೆ ಹಿಂದೆ ನಡೆಯುತ್ತಾ ಹೋಗಿ. ಮಂದ್ರ ಎಲ್ಲಿ ಮಾಯವಾಗುತ್ತದೋ ಅಲ್ಲಿಂದಾಚೆ ಎಲ್ಲವೂ ಧ್ವನಿವರ್ಧಕದ ಹೊಣೆ.

ವೇದಿಕೆಯ ಕಡೆಗೆ ಇಳಿಜಾರಾಗಿರುವ ಹುಲ್ಲುನೆಲ ಎಲ್ಲಕ್ಕಿಂತ ಒಳ್ಳೆಯದು. ಮುಂದಿನವರ ತಲೆ ಹಿಂದಿನವರ ಕಣ್ಣಿಗೂ ಕಿವಿಗೂ ಅಡ್ಡ ಬರುವುದಿಲ್ಲ. ವೇದಿಕೆಯ ಬೆನ್ನಿಗೆ ಮರಗಳ ಸಾಲೋ ಕಟ್ಟಡವೋ ಇದ್ದರೆ ಗಾಳಿಗೆ ತಡೆ. ಸಾಮಾನ್ಯವಾಗಿ ಗಾಳಿ ಬೀಸುವ ದಿಕ್ಕನ್ನು ಗುರುತಿಸಿ, ಅದು ವೇದಿಕೆಯಿಂದ ಕೇಳುಗರ ಕಡೆಗೆ ಬೀಸುವಂತೆ ಇರಿಸಿ. ಎದುರುಗಾಳಿ ದನಿಯನ್ನು ಮೇಲಕ್ಕೆ ಬಾಗಿಸಿ ಕೇಳುಗರ ತಲೆಯ ಮೇಲಿಂದ ದಾಟಿಸುತ್ತದೆ. ಮುಳುಗುವ ಸೂರ್ಯ ಕಲಾವಿದರ ಕಣ್ಣಿಗೆ ಹೊಡೆಯದಂತೆಯೂ ನೋಡಿಕೊಳ್ಳಿ. ಕಣ್ಣು ಕುಕ್ಕಿ ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿಗಳು) ಕಾಣದಾದರೆ ಸೂಕ್ಷ್ಮ ಕೆಲಸ ಕಷ್ಟ.

ಶೌಚಾಲಯ, ಕುಡಿಯುವ ನೀರು, ಗಾಲಿಕುರ್ಚಿಗೆ ಸಾಗುವ ದಾರಿ, ಆಂಬುಲೆನ್ಸ್ ಬರಲು ತೆರವು, ಎರಡಕ್ಕಿಂತ ಕಡಿಮೆಯಿಲ್ಲದ ಹೊರದಾರಿಗಳು: ಇವಿಷ್ಟು ಇಲ್ಲದ ಜಾಗವನ್ನು ಎಷ್ಟು ಸುಂದರವಾಗಿದ್ದರೂ ಬಿಟ್ಟುಬಿಡಿ.

ಹೆಜ್ಜೆ 3: ಅನುಮತಿ ಮತ್ತು ಹಕ್ಕು

ಆರು ತಿಂಗಳ ಮೊದಲೇ ಕಾಗದಪತ್ರ ಆರಂಭಿಸಿ. ಜಾಗದ ಒಡೆಯರು, ಸ್ಥಳೀಯ ಆಡಳಿತ, ಪೊಲೀಸ್, ಅಗ್ನಿಶಾಮಕ ಇಲಾಖೆ, ಧ್ವನಿವರ್ಧಕಕ್ಕಿರುವ ಸಮಯದ ಮಿತಿ ಇವೆಲ್ಲ ಊರೂರಿಗೆ ಬೇರೆ. ಸಾರ್ವಜನಿಕ ಹೊಣೆಗಾರಿಕೆಯ ವಿಮೆ ಮಾಡಿಸುವುದನ್ನು ಮರೆಯಬೇಡಿ.

ಜನ ಎಡವುವುದು ಹಾಡಿನ ಹಕ್ಕಿನ ವಿಚಾರದಲ್ಲಿ. ‘ಜಾನಪದ ಹಾಡು, ಯಾರದ್ದೂ ಅಲ್ಲ’ ಎಂಬುದು ಅರ್ಧ ನಿಜ. ಪರಂಪರೆಯಿಂದ ಬಂದ ಮಟ್ಟು ಯಾರ ಸ್ವತ್ತೂ ಅಲ್ಲದಿರಬಹುದು. ಆದರೆ ನೀವು ಗೌರವಿಸುತ್ತಿರುವ ವಾದಕರು ಅದಕ್ಕೆ ಮಾಡಿದ ಗಿಟಾರ್ ಜೋಡಣೆಗೆ ಪ್ರತ್ಯೇಕ ಕೃತಿಸ್ವಾಮ್ಯ ಇರಬಹುದು. ವೇದಿಕೆಯಲ್ಲಿ ನುಡಿಸಲು ಸಾರ್ವಜನಿಕ ಪ್ರದರ್ಶನದ ಪರವಾನಗಿ ಬೇಕು, ಅದನ್ನು ನಿಮ್ಮ ದೇಶದ ಹಕ್ಕುಸಂಗ್ರಹ ಸಂಸ್ಥೆ ಕೊಡುತ್ತದೆ. ಅದೇ ಕಾರ್ಯಕ್ರಮವನ್ನು ವಿಡಿಯೋ ಮಾಡಿ ಹಂಚಲು ಆ ಪರವಾನಗಿ ಸಾಲುವುದಿಲ್ಲ. ಚಿತ್ರದೊಂದಿಗೆ ಸಂಗೀತ ಸೇರಿಸುವ ಹಕ್ಕು ಬೇರೆ, ಕಲಾವಿದರ ಲಿಖಿತ ಒಪ್ಪಿಗೆ ಬೇರೆ. ಹಾಡುಗಳ ಪಟ್ಟಿ ಖಚಿತವಾದ ದಿನವೇ ಪ್ರತಿ ಹಾಡಿನ ಮುಂದೆ ರಚನೆ ಯಾರದು, ಜೋಡಣೆ ಯಾರದು ಎಂದು ಬರೆದಿಟ್ಟುಕೊಂಡರೆ ಮುಂದೆ ಪರದಾಟವಿಲ್ಲ.

ಹೆಜ್ಜೆ 4: ಕಲಾವಿದರು ಮತ್ತು ಸರದಿ

ಎರಡೂವರೆ ಗಂಟೆಯ ಕಾರ್ಯಕ್ರಮಕ್ಕೆ ಎಂಟು ಕಲಾವಿದರಿಗಿಂತ ಹೆಚ್ಚು ಬೇಡ. ಬಂದವರೆಲ್ಲರಿಗೂ ಒಂದೊಂದು ಹಾಡು ಕೊಟ್ಟರೆ ಯಾರ ಕೈಯೂ ಬಿಸಿಯಾಗುವುದಿಲ್ಲ, ಕೇಳುಗರ ಕಿವಿಯೂ ಒಬ್ಬರಿಗೆ ಹೊಂದಿಕೊಳ್ಳುವಷ್ಟರಲ್ಲಿ ಇನ್ನೊಬ್ಬರು ಬಂದಿರುತ್ತಾರೆ. ಮೂರು ಹಾಡು ಒಂದು ಒಳ್ಳೆಯ ಅಳತೆ: ನೆನಪಿನ ವಾದಕರದ್ದು ಎರಡು, ಅವರಿಂದ ಕಲಿತದ್ದು ಕಾಣುವ ಕಲಾವಿದರದ್ದೇ ಸ್ವಂತ ರಚನೆ ಒಂದು.

ಆ ಮೂರನೆಯದನ್ನು ಬಿಡಬೇಡಿ. ಪ್ರಭಾವ ಎಂಬುದು ಕಿವಿಗೆ ಸಿಗುವುದು ಅಲ್ಲೇ. 1962ರಲ್ಲಿ ಬಿಡುಗಡೆಯಾದ ಡೇವಿ ಗ್ರಹಾಂ ಅವರ ‘ಆಂಜಿ’ ಎಂಬ ವಾದನವನ್ನು ಬರ್ಟ್ ಜಾನ್ಶ್ 1965ರ ತಮ್ಮ ಮೊದಲ ಆಲ್ಬಮ್‌ನಲ್ಲಿ ನುಡಿಸಿದರು, 1966ರಲ್ಲಿ ಪಾಲ್ ಸೈಮನ್ ತಮ್ಮ ‘ಸೈಮನ್ ಅಂಡ್ ಗಾರ್ಫಂಕಲ್’ ಜೋಡಿಯ ಆಲ್ಬಮ್‌ಗೆ ಸೇರಿಸಿದರು. ಒಂದೇ ಮಟ್ಟು ಮೂವರ ಕೈಯಲ್ಲಿ ಮೂರು ಬಗೆ. ಗಿಟಾರ್ ಪರಂಪರೆ ನಡೆದು ಬಂದದ್ದೇ ಹೀಗೆ. ಆದ್ದರಿಂದ ಮೂಲದ ಪಡಿಯಚ್ಚು ತೆಗೆಯುವವರ ಜೊತೆಗೆ ಅದನ್ನು ಬೇರೆ ಕಡೆಗೆ ಒಯ್ದವರನ್ನೂ ಕರೆಯಿರಿ. ನೇರವಾಗಿ ಕಲಿತ ಶಿಷ್ಯರೊಬ್ಬರು, ಧ್ವನಿಮುದ್ರಿಕೆ ಕೇಳಿಯೇ ಕಲಿತ ಎಳೆಯರೊಬ್ಬರು ಇರಲೇಬೇಕು. ಯಾರು ಯಾವ ಹಾಡು ಎಂಬುದನ್ನು ಎರಡು ತಿಂಗಳ ಮೊದಲೇ ಹಂಚಿ. ಇಲ್ಲದಿದ್ದರೆ ಪ್ರಸಿದ್ಧವಾದ ಒಂದೇ ಹಾಡನ್ನು ಮೂವರು ಅಭ್ಯಾಸ ಮಾಡಿಕೊಂಡು ಬರುತ್ತಾರೆ.

ಸರದಿ ಕಟ್ಟುವಾಗ ಭಾವ ಎಷ್ಟು ಮುಖ್ಯವೋ ಶ್ರುತಿಯೂ ಅಷ್ಟೇ ಮುಖ್ಯ. ಸಾಮಾನ್ಯ ಶ್ರುತಿಯಿಂದ ಡಿ-ಎ-ಡಿ-ಜಿ-ಎ-ಡಿ ಕ್ರಮಕ್ಕೆ ಹೋಗಲು 6, 2 ಮತ್ತು 1ನೇ ತಂತಿಗಳನ್ನು (6ನೆಯದು ಎಲ್ಲಕ್ಕಿಂತ ದಪ್ಪ, 1ನೆಯದು ಎಲ್ಲಕ್ಕಿಂತ ತೆಳು) ಎರಡೆರಡು ಫ್ರೆಟ್‌ನಷ್ಟು ಇಳಿಸಬೇಕು. ಓಪನ್ ಜಿ (ಬೆರಳಿಡದೆ ಮೀಟಿದರೂ ಜಿ ಸ್ವರಗುಚ್ಛ ನುಡಿಯುವ) ಕ್ರಮಕ್ಕೆ 6, 5 ಮತ್ತು 1ನೇ ತಂತಿ ಇಳಿಯುತ್ತವೆ. ಇಳಿಸಿದ ತಂತಿ ಕೂಡಲೇ ನೆಲೆ ನಿಲ್ಲುವುದಿಲ್ಲ, ಬಯಲಿನ ತಂಪು, ಬಿಸಿಲುಗಳ ಏರಿಳಿತದಲ್ಲಂತೂ ಇನ್ನೂ ತಡ. ಒಬ್ಬ ಕಲಾವಿದರ ಮೂರು ಹಾಡಿಗೆ ಮೂರು ಶ್ರುತಿ ಎಂದಾದರೆ ಕೇಳುಗರು ಹಾಡಿಗಿಂತ ಹೆಚ್ಚು ಹೊತ್ತು ಶ್ರುತಿ ಮಾಡುವುದನ್ನೇ ಕೇಳುತ್ತಾರೆ. ಶ್ರುತಿಗೊಂದರಂತೆ ಬೇರೆ ಗಿಟಾರ್ ಇಡಿ, ಇಲ್ಲವೇ ಒಂದೇ ಶ್ರುತಿಯ ಹಾಡುಗಳನ್ನು ಒಟ್ಟಿಗೆ ತನ್ನಿ.

ವೇದಿಕೆಯಲ್ಲಿ ಎರಡು ಆಸನ, ಎರಡಕ್ಕೂ ಪೂರ್ಣ ಮೈಕ್ ವ್ಯವಸ್ಥೆ ಮಾಡಿ. ಒಂದರಲ್ಲಿ ನುಡಿಸುವವರು, ಇನ್ನೊಂದರಲ್ಲಿ ಮುಂದಿನವರು ಸದ್ದಿಲ್ಲದೆ ಸಿದ್ಧರಾಗುತ್ತಿರುತ್ತಾರೆ. ಗಿಟಾರಿನ ತಲೆಗೆ ಸಿಕ್ಕಿಸುವ ಟ್ಯೂನರ್ ಇದ್ದರೆ ಇದು ಸಲೀಸು. ಕಲಾವಿದರು ಬದಲಾಗುವ ನಡುವಿನ ಬಣಗುಟ್ಟುವ ಮೌನ ಇದರಿಂದ ತಪ್ಪುತ್ತದೆ.

ಕೊನೆಗೆ ಎಲ್ಲರೂ ಸೇರಿ ನುಡಿಸುವುದು ವಾಡಿಕೆ. ಎಂಟು ಗಿಟಾರ್ ಒಂದೇ ಸ್ವರಗುಚ್ಛವನ್ನು ಒಂದೇ ಜಾಗದಲ್ಲಿ ಹಿಡಿದು ಮೀಟಿದರೆ ಗೊಜ್ಜಾಗುತ್ತದೆ. ಹಾಡಿನ ಆಧಾರಸ್ವರ ಜಿ ಆಗಿದ್ದರೆ ಇಬ್ಬರು ಕೇಪೋ (ತಂತಿಗಳನ್ನೆಲ್ಲ ಒಂದು ಫ್ರೆಟ್ ಬಳಿ ಒತ್ತಿ ಹಿಡಿದು ಸ್ವರ ಏರಿಸುವ ಕ್ಲಿಪ್ಪು) ಇಲ್ಲದೆ ಜಿ ಹಿಡಿಯಲಿ, ಇಬ್ಬರು 5ನೇ ಫ್ರೆಟ್‌ಗೆ ಕೇಪೋ ಹಾಕಿ ಡಿ ಹಿಡಿತದಲ್ಲಿ, ಮತ್ತಿಬ್ಬರು 7ನೇ ಫ್ರೆಟ್‌ಗೆ ಹಾಕಿ ಸಿ ಹಿಡಿತದಲ್ಲಿ ನುಡಿಸಲಿ. ಉಳಿದಿಬ್ಬರು ಬರೀ ಹಾಡಲಿ. ಸ್ವರ ಒಂದೇ, ಆದರೆ ಬೇರೆಬೇರೆ ಎತ್ತರದಲ್ಲಿ ಹರಡಿಕೊಂಡು ಕೇಳಲು ತುಂಬುನಾದ.

ಹೆಜ್ಜೆ 5: ಧ್ವನಿ

ಹಣ ಕಡಿಮೆಯಿದ್ದರೆ ಬೆಳಕು, ಅಲಂಕಾರ, ಮುದ್ರಿತ ಆಹ್ವಾನ ಎಲ್ಲವನ್ನೂ ಕಡಿತ ಮಾಡಿ, ಧ್ವನಿಯನ್ನು ಮಾತ್ರ ಮುಟ್ಟಬೇಡಿ. ಸೌಂಡ್ ನೋಡಿಕೊಳ್ಳುವವರನ್ನು ಒಪ್ಪಿಸುವ ಮೊದಲು ಒಂದೇ ಪ್ರಶ್ನೆ ಕೇಳಿ: ಅಕೂಸ್ಟಿಕ್ ಗಿಟಾರ್ ಒಂಟಿಯಾಗಿ ನುಡಿಯುವ ಕಾರ್ಯಕ್ರಮ ಎಷ್ಟು ಮಾಡಿದ್ದೀರಿ? ಡ್ರಮ್ಸ್, ಕೀಬೋರ್ಡ್ ತುಂಬಿದ ತಂಡಗಳಿಗೆ ಪಳಗಿದ ಕೈಗೆ ಈ ಕೆಲಸ ಬೇರೆಯೇ.

ಗಿಟಾರಿನ ದನಿ ಹಿಡಿಯಲು ಎರಡು ದಾರಿ. ಬ್ರಿಡ್ಜ್ (ಒಡಲ ಮೇಲೆ ತಂತಿಗಳನ್ನು ಹೊರುವ ಪಟ್ಟಿ) ಕೆಳಗಿನ ಪೀಜೋ ಪಿಕಪ್, ಅಂದರೆ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಸಾಧನ, ಗಾಳಿಗೆ ಅಂಜುವುದಿಲ್ಲ, ಕಿರುಚುವುದೂ ಕಡಿಮೆ. ಆದರೆ ಅದರ ನಾದ ಒಣಕಲು, ಬೆರಳಿನ ಹೊಡೆತ ಚಟಪಟ ಎನ್ನುತ್ತದೆ. ಪೀಜೋವನ್ನು ನೇರವಾಗಿ ಉದ್ದದ ಕೇಬಲ್ಲಿಗೆ ಜೋಡಿಸಬಾರದು. ಪ್ರೀಆಂಪ್ (ದುರ್ಬಲ ಸಂಕೇತವನ್ನು ಹಿಗ್ಗಿಸುವ ಭಾಗ) ಇಲ್ಲದ ಗಿಟಾರ್ ಆದರೆ 1 ಮೆಗಾಓಮ್ ಅಥವಾ ಹೆಚ್ಚಿನ ಇನ್‌ಪುಟ್ ಇರುವ ಡಿಐ ಬಾಕ್ಸ್ (ಪಿಕಪ್ಪಿನ ಸಂಕೇತವನ್ನು ಮಿಕ್ಸರಿಗೆ ಹೊಂದಿಸುವ ಪೆಟ್ಟಿಗೆ) ಬೇಕು, ಇಲ್ಲವಾದರೆ ಮಂದ್ರ ಬತ್ತಿ ಹೋಗುತ್ತದೆ. ಮೈಕ್ ಹಿಡಿಯುವ ನಾದ ನಿಜಕ್ಕೆ ಹತ್ತಿರ, ಆದರೆ ಅದು ಗಾಳಿಯನ್ನೂ ಹಿಡಿಯುತ್ತದೆ. ಕಂಡೆನ್ಸರ್ ಮೈಕನ್ನು (ಸೂಕ್ಷ್ಮ ದನಿ ಹಿಡಿಯುವ ಬಗೆ) ಗಿಟಾರಿನ ಕತ್ತು ಒಡಲನ್ನು ಸೇರುವ ಜಾಗಕ್ಕೆ ಗುರಿಯಿಟ್ಟು 15 ರಿಂದ 20 ಸೆಂಟಿಮೀಟರ್ ದೂರದಲ್ಲಿ ಇಡಿ. ನಾದರಂಧ್ರದ ನೇರಕ್ಕೆ ಇಟ್ಟರೆ ಮಂದ್ರ ಗುಮ್ಮೆನ್ನುತ್ತದೆ. ಗಾಳಿಯಿದ್ದ ದಿನ ಫೋಮ್ ಟೋಪಿ ಸಾಲದು, ರೋಮದ ಕವಚವೇ ಬೇಕು.

ನನ್ನ ಆಯ್ಕೆ ಎರಡನ್ನೂ ಬೆರೆಸುವುದು: ದೇಹಕ್ಕೆ ಪಿಕಪ್, ಉಸಿರಿಗೆ ಮೈಕ್. ಎರಡನ್ನೂ ಒಟ್ಟಿಗೆ ತೆರೆದಾಗ ನಾದ ತೆಳುವಾದರೆ ಒಂದರ ಪೊಲ್ಯಾರಿಟಿ (ಸಂಕೇತದ ಧನ-ಋಣ ದಿಕ್ಕು) ತಿರುಗಿಸಿ ನೋಡಿ, ಮಂದ್ರ ಮರಳಿ ಬರುತ್ತದೆ.

ಫೀಡ್‌ಬ್ಯಾಕ್ ಅಂದರೆ ಊಳಿಡುವ ಕಾಟ ಗಿಟಾರಿಗೆ ಹೆಚ್ಚಾಗಿ ಸುಮಾರು 100 ಹರ್ಟ್ಜ್ ಸುತ್ತಮುತ್ತ ಬರುತ್ತದೆ. ಒಡಲೊಳಗಿನ ಗಾಳಿ ತಾನಾಗಿ ಅನುರಣಿಸುವ ಜಾಗ ಅದು. 6ನೇ ತಂತಿಯ ಮೂಲಸ್ವರ 82 ಹರ್ಟ್ಜ್ ಆದ್ದರಿಂದ ಕೆಳಗಿನದ್ದನ್ನೆಲ್ಲ ಒರಟಾಗಿ ಕತ್ತರಿಸಿದರೆ ಹೆಬ್ಬೆರಳೇ ಸತ್ತುಹೋಗುತ್ತದೆ. 70 ಹರ್ಟ್ಜ್‌ಗಿಂತ ಕೆಳಗಿನದ್ದನ್ನು ಮಾತ್ರ ತೆಗೆಯಿರಿ, ಊಳಿಡುವ ಒಂದು ಸ್ಥಾನವನ್ನು ಕಿರಿದಾಗಿ ಇಳಿಸಿರಿ, ನಾದರಂಧ್ರಕ್ಕೆ ರಬ್ಬರ್ ಮುಚ್ಚಳ ಹಾಕಿರಿ. ಮಾನಿಟರ್ ಸ್ಪೀಕರ್ (ಕಲಾವಿದರು ತಮ್ಮ ವಾದನ ಕೇಳಿಕೊಳ್ಳುವುದು) ಮೈಕಿನ ಕಿವುಡು ದಿಕ್ಕಿನಲ್ಲಿರಲಿ: ಮುಂದಿನ ದನಿಯನ್ನೇ ಹೆಚ್ಚು ಹಿಡಿಯುವ ಕಾರ್ಡಿಯಾಯ್ಡ್ ಮೈಕಿಗೆ ನೇರ ಹಿಂದೆ, ಸೂಪರ್‌ಕಾರ್ಡಿಯಾಯ್ಡ್ ಆದರೆ ಹಿಂದಿನ ಓರೆಯಲ್ಲಿ.

ಇನ್ನು ಕೇಳುಗರ ಕಡೆಗೆ. ಮುಂದೆ ಎರಡು ದೊಡ್ಡ ಸ್ಪೀಕರ್ ನಿಲ್ಲಿಸಿ ಕೊನೆಯ ಸಾಲಿನವರೆಗೂ ಕೇಳಲೆಂದು ದನಿ ಏರಿಸಿದರೆ ಮೊದಲ ಸಾಲಿನವರಿಗೆ ಶಿಕ್ಷೆ, ಕೊನೆಯವರಿಗೆ ಗದ್ದಲ. ಸ್ಪೀಕರ್‌ಗಳನ್ನು ಎತ್ತರಕ್ಕೆ ಏರಿಸಿ ಕೆಳಮುಖ ಮಾಡಿ, ನಡುದಾರಿಯಲ್ಲಿ ಇನ್ನೊಂದು ಸಣ್ಣ ಜೋಡಿ ಇಟ್ಟು ಎಲ್ಲವನ್ನೂ ಮೆಲ್ಲನೆ ನುಡಿಸಿ. ಈ ಎರಡನೆಯ ಜೋಡಿಗೆ ವಿಳಂಬ ಕೊಡಲೇಬೇಕು. ದನಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. 40 ಮೀಟರ್ ದೂರದ ಜೋಡಿಗೆ ಸುಮಾರು 117 ಮಿಲಿಸೆಕೆಂಡ್, ಅದರ ಮೇಲೆ ಇನ್ನು 10 ರಿಂದ 15 ಮಿಲಿಸೆಕೆಂಡ್ ಸೇರಿಸಿದರೆ ದನಿ ವೇದಿಕೆಯಿಂದಲೇ ಬಂದಂತೆ ಕೇಳುತ್ತದೆ. ವಿಳಂಬವನ್ನೇ ಕೊಡದಿದ್ದರೆ ಒಂದೊಂದು ಮೀಟೂ ಎರಡೆರಡು ಸಲ ಕೇಳಿ ಬೆರಳುಗಾರಿಕೆಯೆಲ್ಲ ಹಾಳು.

ಸೌಂಡ್ ಚೆಕ್ ಮಾಡುವಾಗ ಅತಿ ಮೆಲುದನಿಯ ಹಾಡನ್ನು ನುಡಿಸಿ, ಸಂಯೋಜಕರೊಬ್ಬರು ಕೊನೆಯ ಸಾಲಿನಲ್ಲಿ ನಿಂತು ಕೇಳಲಿ. ಜೋರು ಹಾಡು ಎಲ್ಲಿದ್ದರೂ ಕೇಳಿಸುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ.

ಹೆಜ್ಜೆ 6: ಬಿಸಿಲು, ಮಳೆ, ಸಿಡಿಲು, ವಿದ್ಯುತ್

ಗಿಟಾರಿನ ಮರಕ್ಕೆ ಶೇ. 45 ರಿಂದ 55ರ ತೇವಾಂಶ ಹಿತ. ಬಿಸಿಲಿಗೆ ನಿಲ್ಲಿಸಿದ ಮುಚ್ಚಿದ ಕಾರಿನೊಳಗೆ ಗಿಟಾರ್ ಇಟ್ಟರೆ ಅಂಟು ಮೆದುವಾಗಿ ಬ್ರಿಡ್ಜ್ ಏಳಬಹುದು. ವೇದಿಕೆಯ ಪಕ್ಕದಲ್ಲೇ ನೆರಳಿನ, ಕಾವಲಿರುವ ವಾದ್ಯದ ಕೋಣೆಯೋ ಗುಡಾರವೋ ಇರಲಿ. ಬಿಸಿಗೆ ಉಕ್ಕಿನ ತಂತಿ ಹಿಗ್ಗಿ ಶ್ರುತಿ ಇಳಿಯುತ್ತದೆ, ಆದ್ದರಿಂದ ವೇದಿಕೆಗೆ ಹತ್ತುವ ಮೊದಲು ಐದು ಹತ್ತು ನಿಮಿಷ ವೇದಿಕೆಯ ಹವೆಗೇ ಗಿಟಾರನ್ನು ಒಡ್ಡಿ ನಂತರ ಶ್ರುತಿ ಮಾಡಬೇಕು. ಹೊಸ ತಂತಿ ಕಟ್ಟುವುದಾದರೆ ಒಂದೆರಡು ದಿನ ಮೊದಲೇ ಕಟ್ಟಿ ಎಳೆದು ಪಳಗಿಸಿಕೊಳ್ಳಲು ಕಲಾವಿದರಿಗೆ ನೆನಪಿಸಿ.

ಸಿಡಿಲಿನ ವಿಷಯದಲ್ಲಿ ಮುಲಾಜು ಬೇಡ. ಮಿಂಚು ಕಂಡ 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 10 ಕಿಲೋಮೀಟರ್ ಒಳಗಿದೆ ಎಂದರ್ಥ: ನಿಲ್ಲಿಸಿ, ಜನರನ್ನು ಗಟ್ಟಿ ಕಟ್ಟಡಕ್ಕೋ ಮುಚ್ಚಿದ ವಾಹನಗಳಿಗೋ ಕಳಿಸಿ. ಮರದಡಿ, ಗುಡಾರದಡಿ ಸುರಕ್ಷಿತವಲ್ಲ. ಕೊನೆಯ ಗುಡುಗಿನ ಬಳಿಕ 30 ನಿಮಿಷ ಕಾಯಿರಿ. ‘ನಿಲ್ಲಿಸಿ’ ಎನ್ನುವ ಅಧಿಕಾರ ಯಾರದ್ದು ಎಂದು ಮೊದಲೇ ಒಬ್ಬರ ಹೆಸರು ಬರೆದಿಡಿ. ಆ ಹೊತ್ತಿನಲ್ಲಿ ಚರ್ಚೆಗೆ ಕೂರಲಾಗದು.

ವಿದ್ಯುತ್ತಿಗೆ 30 ಮಿಲಿಆಂಪಿಯರ್ ಸೋರಿಕೆಯಾದೊಡನೆ ವಿದ್ಯುತ್ ಕಡಿಯುವ ಆರ್‌ಸಿಡಿ ಎಂಬ ಸುರಕ್ಷಾ ಸ್ವಿಚ್ ಕಡ್ಡಾಯ. ಬೆಳಕಿಗೂ ಧ್ವನಿಗೂ ಬೇರೆ ಸರ್ಕ್ಯೂಟ್ ಇದ್ದರೆ ಬೆಳಕು ಏರಿಳಿಸುವ ಡಿಮ್ಮರ್‌ಗಳ ಗುಂಯ್‌ಗುಡುವಿಕೆ ಗಿಟಾರಿನೊಳಗೆ ನುಸುಳುವುದಿಲ್ಲ. ಜನರೇಟರ್ ಗಾಳಿ ಸಾಗುವ ದಿಕ್ಕಿನಲ್ಲಿ, ಕೇಳುಗರಾಚೆ, ದೂರ.

ಹೆಜ್ಜೆ 7: ಮಾತು

ಇಲ್ಲೇ ಬಹಳ ಕಾರ್ಯಕ್ರಮಗಳು ಸೊರಗುವುದು. ಅತಿಥಿಗಳ ಸಾಲು, ಒಬ್ಬೊಬ್ಬರದೂ ಹತ್ತು ನಿಮಿಷ, ಹೇಳಿದ್ದೇ ಹೇಳುವುದು. ಅಮೆರಿಕದ ಜಾನಪದ ಗಾಯಕ ವುಡಿ ಗುತ್ರಿ 1967ರಲ್ಲಿ ತೀರಿಕೊಂಡ ಬಳಿಕ 1968ರಲ್ಲಿ ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ನಲ್ಲಿ, 1970ರಲ್ಲಿ ತೆರೆದ ಬಯಲಿನ ಹಾಲಿವುಡ್ ಬೌಲ್‌ನಲ್ಲಿ ನಡೆದ ಸ್ಮರಣೆಯ ಕಛೇರಿಗಳಲ್ಲಿ ಹಾಡುಗಳ ನಡುವೆ ಗುತ್ರಿಯವರದೇ ಬರಹಗಳನ್ನು ಹೆಣೆದು ಓದಿಸಿದರು. ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಗೊತ್ತಿಲ್ಲ. ನಿಮ್ಮ ವಾದಕರ ಪತ್ರ, ಸಂದರ್ಶನ, ಪಾಠದ ಟಿಪ್ಪಣಿಗಳಿಂದ ಆಯ್ದ ಸಾಲುಗಳನ್ನು ಒಬ್ಬ ಒಳ್ಳೆಯ ಓದುಗರು ಒಂದೊಂದು ನಿಮಿಷ ಓದಲಿ. ಕುಟುಂಬದವರಲ್ಲಿ ಒಬ್ಬರು ಮಾತಾಡಲಿ, ಅದೂ ಅವರಿಗೆ ಇಷ್ಟವಿದ್ದರೆ ಮಾತ್ರ.

ಹೊಗಳಿಕೆಯ ಪ್ರಮಾಣವೂ ವ್ಯಕ್ತಿಗೆ ತಕ್ಕಂತಿರಲಿ. 2011ರಲ್ಲಿ ನಾರ್ತ್ ಕೆರೊಲಿನಾದ ಬೂನ್ ಊರಿನಲ್ಲಿ ತಮ್ಮ ಪ್ರತಿಮೆ ನಿಲ್ಲಿಸಿದಾಗ ಡಾಕ್ ವಾಟ್ಸನ್ ಬಯಸಿದಂತೆ ಅದರ ಬಳಿ ಬರೆಸಿದ್ದು ‘ಜನರಲ್ಲಿ ಒಬ್ಬ’ ಎಂಬ ಅರ್ಥದ ಮಾತನ್ನು ಮಾತ್ರ. ಅಂಥವರಿಗೆ ಬಿರುದುಗಳ ಸರಮಾಲೆ ಹಾಕುವುದು ಅವರನ್ನೇ ಅಲ್ಲಗಳೆದಂತೆ.

ಹೆಜ್ಜೆ 8: ಆ ದಿನ

ಬೆಳಗ್ಗೆ ವೇದಿಕೆ, ಮಧ್ಯಾಹ್ನಕ್ಕೆ ಮೊದಲು ಧ್ವನಿ ಜೋಡಣೆ. ಸೌಂಡ್ ಚೆಕ್ ಕಾರ್ಯಕ್ರಮದ ತಲೆಕೆಳಗು ಕ್ರಮದಲ್ಲಿ ನಡೆಯಲಿ. ಕೊನೆಗೆ ನುಡಿಸುವವರು ಮೊದಲು, ಮೊದಲು ನುಡಿಸುವವರು ಕೊನೆಗೆ, ಹಾಗಾದರೆ ಆರಂಭದ ಹೊಂದಾಣಿಕೆ ಹಾಗೇ ಉಳಿದಿರುತ್ತದೆ. ಬಾಗಿಲು ತೆರೆಯುವ ಒಂದು ಗಂಟೆ ಮೊದಲು ಎಲ್ಲ ನಿಲ್ಲಿಸಿ. ಶ್ರುತಿ ಮತ್ತು ಕೇಪೋ ಸ್ಥಾನ ಬರೆದ ಸರದಿ ಪಟ್ಟಿ ದೊಡ್ಡ ಅಕ್ಷರದಲ್ಲಿ ವೇದಿಕೆಯ ನೆಲಕ್ಕೆ, ಮಿಕ್ಸರ್ ಪಕ್ಕಕ್ಕೆ, ನಿರೂಪಕರ ಕೈಗೆ. ವೇದಿಕೆಯ ಬದಿಯಲ್ಲಿ ಬಿಡಿ ತಂತಿಗಳು, ಕೇಪೋ, ಪಿಕ್, 9 ವೋಲ್ಟ್ ಬ್ಯಾಟರಿ, ತೋಳಿಲ್ಲದ ಗಟ್ಟಿ ಕುರ್ಚಿ. ತೋಳಿರುವ ಕುರ್ಚಿಯಲ್ಲಿ ಗಿಟಾರ್ ಹಿಡಿಯಲಾಗದು ಎಂಬುದು ಬಾಡಿಗೆಗೆ ಕುರ್ಚಿ ತರುವವರಿಗೆ ಹೊಳೆಯುವುದೇ ಇಲ್ಲ.

ಧ್ವನಿಮುದ್ರಣವನ್ನು ಮಿಕ್ಸರಿನಿಂದ ಪ್ರತಿ ಮೈಕನ್ನೂ ಬೇರೆಬೇರೆಯಾಗಿ ತೆಗೆದುಕೊಳ್ಳಿ, ಜೊತೆಗೆ ಕೇಳುಗರ ನಡುವೆ ಎರಡು ಮೈಕ್. ಚಪ್ಪಾಳೆಯಿಲ್ಲದ ಬಯಲು ಕಛೇರಿ ಮುದ್ರಿಕೆಯಲ್ಲಿ ಬರಡಾಗಿ ಕೇಳುತ್ತದೆ.

ಹೆಜ್ಜೆ 9: ಮುಗಿದ ಮೇಲೆ

ವಾರದೊಳಗೆ ಜಮಾಖರ್ಚು ಬರೆದು ಹಣ ಕೊಟ್ಟವರಿಗೆಲ್ಲ ಕಳಿಸಿ. ನಿಧಿ ಸಂಗ್ರಹಿಸಿದ್ದರೆ ಅದು ಯಾರಿಗೆ ಯಾವಾಗ ತಲುಪಿತು ಎಂಬುದೂ ಅದರಲ್ಲಿರಲಿ. ನುಡಿಸಿದ ಹಾಡುಗಳ ಪಟ್ಟಿಯನ್ನು ಹಕ್ಕುಸಂಗ್ರಹ ಸಂಸ್ಥೆಗೆ ಕೊಡಿ. ಪರವಾನಗಿಯ ಹಣದ ಒಂದು ಪಾಲು ವಾದಕರ ವಾರಸುದಾರರಿಗೇ ಸೇರಬಹುದು. ಧ್ವನಿಮುದ್ರಣದ ಎರಡು ಪ್ರತಿ ಬೇರೆಬೇರೆ ಕಡೆ ಇಟ್ಟು ಮೂರನೆಯದನ್ನು ಕುಟುಂಬಕ್ಕೆ ಒಪ್ಪಿಸಿ, ಅದರ ಜೊತೆಗೆ ಯಾವ ಹಾಡು ಯಾವ ಶ್ರುತಿ, ಕೇಪೋ ಎಲ್ಲಿ ಎಂದು ಬರೆದ ಹಾಳೆ ಇರಲಿ. ಮುಂದೆ ಕಲಿಯುವ ಮಕ್ಕಳಿಗೆ ವಿಡಿಯೋಗಿಂತ ಆ ಹಾಳೆಯೇ ಹೆಚ್ಚು ನೆರವಾಗುತ್ತದೆ.

ಮರುದಿನ ಹಗಲು ಬೆಳಕಿನಲ್ಲಿ ಬಯಲನ್ನು ಇನ್ನೊಮ್ಮೆ ಸುತ್ತಿ ಬನ್ನಿ, ಅದರಲ್ಲೂ ವೇದಿಕೆಯಿದ್ದ ಜಾಗ ಮತ್ತು ವಾದ್ಯಗಳನ್ನಿಟ್ಟ ಗುಡಾರದ ಸುತ್ತ. ಕತ್ತರಿಸಿ ಬಿಸಾಡಿದ ತಂತಿಯ ತುಂಡುಗಳು ಹುಲ್ಲಿನಲ್ಲಿ ಕಾಣುವುದಿಲ್ಲ, ಬರಿಗಾಲಿಗೆ ಸೂಜಿಯಂತೆ ಚುಚ್ಚುತ್ತವೆ. ಒಂದು ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ನೆಲಕ್ಕೆ ತಾಗಿಸಿ ಎಳೆದುಕೊಂಡು ಹೋದರೆ ಉಕ್ಕಿನ ತುಂಡುಗಳೆಲ್ಲ ಅಂಟಿಕೊಂಡು ಬರುತ್ತವೆ. ನೈಲಾನ್ ತಂತಿಯವನ್ನು ಮಾತ್ರ ಕೈಯಿಂದಲೇ ಹೆಕ್ಕಬೇಕು.